ತೇನ್‌ಮೊಳಿಯ ಸಾವು

"ಇದು ನಮ್ಮ ಲಿಂಗರಾಜು ಬೆಡ್‌ರೂಮು," ಎಂದು ಚಂದ್ರಮೋಹನ ಗ್ಯಾರೇಜಿನ ಮೂಲೆ ತೋರಿಸಿದ. "ರೀಲಿನ ಡಬ್ಬಿ ಇಡೋಕೂ ಇದೇ ಜಾಗ, ಡಬ್ಬಿ ಹೊರೋನನ್ನ ಇಡೋಕೂ ಇದೇ ಜಾಗ."

ಟೆಕ್ಸಾಸಿನ ಜಾರ್ಜ್‌ಟೌನಿನಲ್ಲಿ ಏಳುತ್ತಿದ್ದ ಅವನ ಹೊಸ ಮನೆ ನೋಡಲು ಬಂದಿದ್ದವರೆಲ್ಲ ನಕ್ಕರು. ಮನೆಗೆ ಇನ್ನೂ ಗೋಡೆ ಬಂದಿರಲಿಲ್ಲ. ಮರದ ಕಂಬಗಳ ನಡುವಿನಿಂದ ಅಡುಗೆಮನೆ, ದೇವರಮನೆ ಎಲ್ಲ ಒಂದೇ ಸಲಕ್ಕೆ ಕಾಣುತ್ತಿದ್ದವು. ಹಾಗಾಗಿ ಮಹಡಿಯಲ್ಲಿದ್ದವರಿಗೂ ಆ ಮಾತು ಕೇಳಿಸಿತು. ಅಲ್ಲಿಂದಲೂ ನಗು ಬಂತು.

"ಭಾಳ ದೊಡ್ಡ ಬೆಡ್‌ರೂಮ್ ಐತಲ್ರೀ ಸರ್," ಎಂದ ಧಾರವಾಡದ ಪ್ರಶಾಂತ್.

"ಒಂಬತ್ತನೇ ಕ್ಲಾಸಿಗೆ ಸ್ಕೂಲು ಬಿಟ್ಟೋನಿಗೆ ಇದೇ ಅರಮನೆ ಕಣ್ರೀ. ಬೇಡ ಅಂದ್ರೆ ಹೇಳ್ಲಿ. ಇಮಿಗ್ರೇಷನ್‌ಗೆ ಒಂದು ಫೋನ್ ಹಾಕಿದ್ರೆ ಆಯ್ತು, ವಾಪಸ್ ಹಲಸೂರು. ಏನೋ ಲಿಂಗ, ಹಾಕ್ಲಾ?"

ಲಿಂಗರಾಜು ನಕ್ಕ. ನಗದೆ ಬೇರೆ ದಾರಿ ಇರಲಿಲ್ಲ. ನಾಟಕದ ತಂಡದೊಂದಿಗೆ ಪರದೆ ಕಟ್ಟುವ ಹುಡುಗನಾಗಿ ಬಂದವನು ತಂಡ ಹಿಂದಿರುಗಿದರೂ ಇಲ್ಲೇ ಉಳಿದುಬಿಟ್ಟಿದ್ದ. ವೀಸಾ ಮುಗಿದುಹೋಗಿತ್ತು. ಅದು ಚಂದ್ರಮೋಹನನಿಗೆ ಮಾತ್ರ ಗೊತ್ತಿದ್ದ ಗುಟ್ಟು. ಈಗ ನಾಲ್ಕೂರಿಗೆ ಗೊತ್ತಾಯಿತು.

"ಹಂಗೆಲ್ಲಾ ಅನ್ಬೇಡಿ, ಪಾಪ," ಎಂದರು ವಸಂತಾ ಆಂಟಿ. ಬೈಗುಳಕ್ಕಿಂತ ಆ 'ಪಾಪ'ವೇ ಅವನ ಎದೆಗೆ ಚುಚ್ಚಿತು.

ಹಗಲು ಚಿಪ್ ಕಂಪನಿಯ ಮ್ಯಾನೇಜರ್ ಆಗಿದ್ದ ಚಂದ್ರಮೋಹನನಿಗೆ ವಾರಾಂತ್ಯದಲ್ಲಿ ಸಿನಿಮಾ ತರಿಸುವ ಹುಚ್ಚು. ಇಡೀ ಟೆಕ್ಸಾಸಿಗೆ ಅವನು ಒಂದೇ ಪ್ರಿಂಟು ತರಿಸುತ್ತಿದ್ದ. ಆಸ್ಟಿನ್ನಿನಲ್ಲಿ ಒಂದು ಆಟ ಆಡಿಸಿ, ಅದೇ ರೀಲುಗಳನ್ನು ಡಬ್ಬಿಗೆ ತುಂಬಿ ಡಲ್ಲಾಸಿಗೆ, ಅಲ್ಲಿಂದ ಹ್ಯೂಸ್ಟನ್ನಿಗೆ ಹೊರುವವನು ಲಿಂಗರಾಜು. ಡಬ್ಬಿ ಎತ್ತಿ ಎತ್ತಿ ಅವನ ಬೆರಳ ಗೆಣ್ಣುಗಳು ಗಂಟುಗಟ್ಟಿದ್ದವು. ಪರದೆಯ ಮುಂದೆ ಮೈಕು ಹಿಡಿದು ಚಪ್ಪಾಳೆ ಗಿಟ್ಟಿಸುವವನು ಚಂದ್ರಮೋಹನ.

ಆ ವಾರ ಬರಲಿದ್ದದ್ದು ಅಂತಿಂಥ ಚಿತ್ರವಲ್ಲ. 'ತುರೈ ವಿಳಕ್ಕು', ಅಂದರೆ ರೇವಿನ ದೀಪ, ತಮಿಳರು ದೇವರ ಪಕ್ಕ ಇಟ್ಟುಕೊಳ್ಳುವ ಐತಿಹಾಸಿಕ ಕಾದಂಬರಿ. ಅದನ್ನು ತೆರೆಗೆ ತರುತ್ತೇವೆಂದು ಹೊರಟು ಕೈಬಿಟ್ಟವರು ಎಷ್ಟೋ ಮಂದಿ. ಈಗ ಕೊನೆಗೂ ಯಾರೋ ಮಾಡಿ ಮುಗಿಸಿದ್ದರು. ಆಸ್ಟಿನ್ನಿನ ಭಾನುವಾರ ಮಧ್ಯಾಹ್ನದ ಆಟಕ್ಕೆ ಟಿಕೆಟೆಲ್ಲ ಖರ್ಚಾಗಿದ್ದವು. ತಮಿಳರಷ್ಟೇ ಅಲ್ಲ, ಸೀಡರ್ ಪಾರ್ಕಿನ ಕನ್ನಡದವರೂ ಸಂಸಾರ ಸಮೇತ ಹೊರಟಿದ್ದರು.

ಮನೆ ನೋಡಿ ವ್ಯಾನಿನಲ್ಲಿ ಹಿಂದಿರುಗುವಾಗಲೇ ಲಿಂಗರಾಜುವಿನ ತಲೆಯಲ್ಲಿ ಲೆಕ್ಕ ಕೂಡತೊಡಗಿತ್ತು.

ಭಾನುವಾರ ಆ ಮನೆಯಲ್ಲಿ ಕೆಲಸವಿಲ್ಲ. ಅಕ್ಕಪಕ್ಕದ ಸೈಟುಗಳೂ ಖಾಲಿ. ಒಳಗೆ ಬಡಗಿಗಳು ಗುಡಿಸಿಟ್ಟ ಮರದ ಹೊಟ್ಟು, ಮೂಲೆಯಲ್ಲಿ ಪಾಲಿಶ್ ಎಣ್ಣೆ ಒರೆಸಿ ಬಿಸಾಡಿದ ಬಟ್ಟೆಗಳ ಗುಡ್ಡೆ. ಅಂಥ ಬಟ್ಟೆ ಬಿಸಿಲಿನ ಝಳಕ್ಕೆ ತನ್ನಷ್ಟಕ್ಕೆ ಹೊತ್ತಿಕೊಳ್ಳುವುದುಂಟು ಎಂದು ಮೇಸ್ತ್ರಿಯೇ ಚಂದ್ರಮೋಹನನಿಗೆ ಎಚ್ಚರಿಸಿದ್ದ. ಎಲ್ಲರೂ ಕೇಳಿಸಿಕೊಂಡಿದ್ದರು. ಆಗಸ್ಟ್ ತಿಂಗಳ ಟೆಕ್ಸಾಸಿನಲ್ಲಿ ಝಳಕ್ಕೇನು ಬರ? ಬೆಂಕಿ ಬಿದ್ದರೆ ಬಿಸಿಲಿನ ತಲೆಗೆ ಹೋಗುತ್ತದೆ.

ಉಳಿದದ್ದು ತಾನು ಎಲ್ಲಿದ್ದೆ ಎಂಬ ಪ್ರಶ್ನೆ. ಅದಕ್ಕೆ ಸಿನಿಮಾ ಇತ್ತು. ಇಂಟರ್ವಲ್‌ನಲ್ಲಿ ಸಮೋಸ ಮಾರುವವನು ಅವನೇ. ಇಡೀ ಥಿಯೇಟರು ಅವನ ಕೈಯಿಂದಲೇ ಚಟ್ನಿ ಈಸಿಕೊಳ್ಳುತ್ತದೆ. ದೀಪ ಆರಿದ ಮೇಲೆ ಹಿಂದಿನ ಬಾಗಿಲಲ್ಲಿ ನಿಂತವನು ಇದ್ದಾನೋ ಇಲ್ಲವೋ ಎಂದು ಯಾರು ತಿರುಗಿ ನೋಡುತ್ತಾರೆ? ದ್ವಿತೀಯಾರ್ಧ ಉದ್ದವಂತೆ. ಜಾರ್ಜ್‌ಟೌನಿಗೆ ಹೋಗಿ ಬರಲು ಸಾಕಾಗಿ ಮಿಗುತ್ತಿತ್ತು. ಆಟ ಬಿಟ್ಟಾಗ ಡಬ್ಬಿ ತುಂಬಲು ಅವನು ಪ್ರೊಜೆಕ್ಟರ್ ಕೋಣೆಯಲ್ಲಿರಬೇಕು, ಇರುತ್ತಾನೆ.

ಮತ್ತೆ ಸಿನಿಮಾದಲ್ಲಿ ಏನಾಯಿತೆಂದು ಯಾರಾದರೂ ಕೆದಕಿ ಕೇಳಿದರೆ? ಕೇಳಲಿ. ಆ ಕತೆ ಅವನಿಗೆ ನೀರು ಕುಡಿದಷ್ಟು ಸಲೀಸು. ಹಲಸೂರಿನ ವಠಾರದಲ್ಲಿ ಪಕ್ಕದ ಮನೆಯ ಸುಶೀಲಮ್ಮ ಅದನ್ನು ವರ್ಷಗಟ್ಟಲೆ ಗಟ್ಟಿಯಾಗಿ ಓದುತ್ತಿದ್ದರು. ವಾರಪತ್ರಿಕೆಯ ಹಾಳೆಗಳನ್ನು ಕಿತ್ತು ಹೊಲಿದ ದಪ್ಪ ಪುಸ್ತಕ ಅವರದು. ಸ್ಕೂಲು ಬಿಟ್ಟ ಹುಡುಗ ಅದೇ ಪುಸ್ತಕದ ಮೇಲೆ ಬೆರಳಿಟ್ಟು ತಮಿಳು ಅಕ್ಷರ ಕಲಿತಿದ್ದ.

ಶುಕ್ರವಾರ ಹ್ಯೂಸ್ಟನ್ನಿನ ಏರ್‌ಪೋರ್ಟಿನಿಂದ ಡಬ್ಬಿಗಳನ್ನು ತಂದ. ಮೊಹರು ಒಡೆದಿರಲಿಲ್ಲ. ಭಾನುವಾರ ಥಿಯೇಟರು ತುಂಬಿತು. ಚಂದ್ರಮೋಹನ ರೇಷ್ಮೆ ಜುಬ್ಬಾದಲ್ಲಿ ಭಾಷಣ ಮಾಡಿದ. ಇಂಟರ್ವಲ್‌ನಲ್ಲಿ ಲಿಂಗರಾಜು ಬೇಕೆಂದೇ ಎಲ್ಲರನ್ನೂ ಮಾತಾಡಿಸಿದ.

"ಇನ್ನೊಂದು ತಗೊಳ್ಳಿ ಆಂಟಿ, ಬಿಸಿ ಐತೆ."

"ಬೇಡಪ್ಪಾ, ಅಳೋದು ಬಾಕಿ ಇದೆಯಂತೆ, ಹೊಟ್ಟೆ ಭಾರ ಆಗತ್ತೆ," ಎಂದು ವಸಂತಾ ನಕ್ಕರು.

ದೀಪ ಆರಿತು. ಅವನು ಹೊರಬಿದ್ದ.

ಹೆದ್ದಾರಿಯಲ್ಲಿ ವ್ಯಾನನ್ನು ಮಿತಿಯ ಮೇಲೆ ಒಂದು ಮೈಲಿಯೂ ಓಡಿಸಲಿಲ್ಲ. ಹಿಂದೆ ಒಂದು ಪೊಲೀಸ್ ಕಾರು ಬಂದಾಗ ಅಂಗಿ ಬೆನ್ನಿಗೆ ಅಂಟಿಕೊಂಡಿತು. ಕಾರು ಪಕ್ಕದಲ್ಲೇ ಹಾದು ಮುಂದೆ ಹೋಯಿತು. ಹೊಸ ಬಡಾವಣೆಯಲ್ಲಿ ನರಪಿಳ್ಳೆ ಇರಲಿಲ್ಲ. ವ್ಯಾನನ್ನು ಹಿಂದಿನ ರಸ್ತೆಯಲ್ಲಿ ನಿಲ್ಲಿಸಿ, ಗ್ಯಾರೇಜಿನ ಕಡೆಯಿಂದ ಒಳಹೊಕ್ಕ. ಮೊದಲ ಕಡ್ಡಿ ಆರಿತು. ಎರಡನೆಯದು ಹಿಡಿಯಿತು.

ಬಟ್ಟೆಯ ಗುಡ್ಡೆ ಮೊದಲು ಹೊಗೆಯಾಡಿ, ಆಮೇಲೆ ಒಮ್ಮೆಲೇ ಭಗ್ಗೆಂದಿತು. ಉರಿ ಕಂಬಕ್ಕೆ ಏರಿ ಕಂಬದಿಂದ ತೊಲೆಗೆ ದಾಟಿತು. ಅವನು ಹಿಂದೆ ಸರಿದ. ಆಗ ಮಹಡಿಯಲ್ಲಿ ಹಾಡು ಕೇಳಿಸಿತು.

ರೇಡಿಯೋ. ಸ್ಪ್ಯಾನಿಷ್ ಹಾಡು.

 "ಯಾರ್ರೀ ಅಲ್ಲಿ? ಕೆಳಗೆ ಬನ್ರೀ!" ಎಂದು ಕನ್ನಡದಲ್ಲೇ ಕಿರುಚಿದ. ಹಾಡು ಹಾಡಿಕೊಂಡೇ ಇತ್ತು. ಮೆಟ್ಟಿಲತ್ತ ಎರಡು ಹೆಜ್ಜೆ ಇಟ್ಟ. ಬೆಂಕಿ ಅವನಿಗಿಂತ ಮೊದಲೇ ಮೆಟ್ಟಿಲು ಹತ್ತಿತ್ತು. ಮೇಲೆ ಏನೋ ದೊಪ್ಪೆಂದಿತು. ಅದು ಮರವೋ ಮನುಷ್ಯನೋ ಎಂದು ನೋಡಲು ಅವನು ನಿಲ್ಲಲಿಲ್ಲ.

ದಾರಿಯಲ್ಲಿ ವ್ಯಾನು ನಿಲ್ಲಿಸಿ ಹುಲ್ಲಿನಲ್ಲಿ ವಾಂತಿ ಮಾಡಿಕೊಂಡ. ಬಾಟಲಿಯ ನೀರೆಲ್ಲ ಸುರಿದು ಕೈ ತೊಳೆದ. ಅಂಗಿಗೆ ಸಮೋಸದ ಎಣ್ಣೆ ಹತ್ತಿದ್ದೇ ಒಳ್ಳೆಯದಾಯಿತು, ಹೊಗೆಯ ವಾಸನೆ ಮೇಲೆ ಬರಲಿಲ್ಲ. ಇದೆಲ್ಲದರಲ್ಲಿ ತಡವಾಗಿ, ಅವನು ಥಿಯೇಟರಿಗೆ ಬಂದಾಗ ಹಾಲಿನ ಬಾಗಿಲು ತೆರೆದಾಗಿತ್ತು.  ಆದರೆ ಹೊರಬರುತ್ತಿದ್ದ ಹೆಂಗಸರು ಸೆರಗಿನಿಂದ, ಟಿಶ್ಶೂವಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ವಸಂತಾ ಆಂಟಿಯ ಮೂಗು ಕೆಂಪಾಗಿತ್ತು. ಸರಿ, ಪುಸ್ತಕದಲ್ಲಿದ್ದಂತೆ ಅಳುವಿನಲ್ಲೇ ಮುಗಿದಿದೆ. ತಾನೂ ಕಣ್ಣುಜ್ಜಿಕೊಂಡು, ಬರುವ ಜನದ ಎದುರಿಗೆ ನುಸುಳಿ ಪ್ರೊಜೆಕ್ಟರ್ ಕೋಣೆ ಸೇರಿದ. ಒಳಗಿದ್ದ ಅಮೆರಿಕದವನು ತಲೆಯೆತ್ತದೆ ರೀಲು ಸುತ್ತುತ್ತಿದ್ದ.

ಮೊದಲ ಡಬ್ಬಿ ಮುಚ್ಚುವಷ್ಟರಲ್ಲಿ ಲಾಬಿಯಲ್ಲಿ ಚಂದ್ರಮೋಹನನ ಸೆಲ್‌ಫೋನ್ ಮೊಳಗಿತು. ಆಮೇಲೆ ಕೇಳಿಸಿದ ಕೂಗಿಗೆ ಲಿಂಗರಾಜು ಕೈಯಲ್ಲಿದ್ದ ಮುಚ್ಚಳ ಬೀಳಿಸಿದ. ಸಿನಿಮಾದ ಮಾತು ಅಲ್ಲಿಗೇ ನಿಂತಿತು. ಎಲ್ಲರ ಬಾಯಲ್ಲೂ ಬೆಂಕಿ, ಬೆಂಕಿ.

ಸಂಜೆ ಅವರೆಲ್ಲ ಸೀಡರ್ ಪಾರ್ಕಿನ ಚಂದ್ರಮೋಹನನ ಹಳೆಯ ಮನೆಯಲ್ಲಿ ಸೇರಿದರು. ಹೆಂಡತಿ ಸರೋಜಾ ಯಾರ ಮುಖವನ್ನೂ ನೋಡದೆ ಕಾಫಿ ಸೋಸುತ್ತಿದ್ದಳು. ಬೆಂಕಿ ತನಿಖೆಯ ಅಧಿಕಾರಿಣಿ ಕೋಣೆಯ ನಡುವೆ ಕುರ್ಚಿ ಎಳೆದುಕೊಂಡು ಕೂತಿದ್ದಳು. ಅವಳು ಹೇಳಿದ್ದನ್ನು ಪ್ರಶಾಂತ್ ಕನ್ನಡಕ್ಕೆ ತಂದ: ಮಹಡಿಯಲ್ಲಿ ಒಬ್ಬ ಕೆಲಸದವ ಮಲಗಿದ್ದನಂತೆ. ಅಲ್ಲಿಂದ ಕೆಳಗೆ ಹಾರಿ ಕಾಲು ಮುರಿದುಕೊಂಡಿದ್ದಾನೆ, ಮೈ ಸುಟ್ಟಿದೆ. ಬದುಕುವುದು ರಾತ್ರಿ ಕಳೆದ ಮೇಲೆ ಗೊತ್ತು. ಹಾರುವ ಮುಂಚೆ ಕೆಳಗೆ ಯಾರೋ ಕೂಗಿದ್ದು ಕೇಳಿಸಿತಂತೆ.

ಲಿಂಗರಾಜು ಅಂಗೈಗಳನ್ನು ತೊಡೆಗೆ ಒತ್ತಿಕೊಂಡ.  ಇನ್ನು ಇದು ಬರೀ ಮನೆ ಸುಟ್ಟ ಕೇಸಲ್ಲ. ಆ ಮನುಷ್ಯ ಸತ್ತರೆ ಈ ಊರಿನವರು ತನ್ನನ್ನು ಹಲಸೂರಿಗೆ ಕಳಿಸುವುದಿಲ್ಲ, ಮರಣದಂಡನೆಯೆಂದು ಸೂಜಿ ಚುಚ್ಚಿ ಮಲಗಿಸುತ್ತಾರೆ.

"ಇವನನ್ನ ಕೇಳಿ," ಎಂದ ಚಂದ್ರಮೋಹನ. ಜುಬ್ಬಾದ ತುಂಬ ಮಸಿ. "ಮೊನ್ನೆ ಒಂದು ಮಾತು ಅಂದಿದ್ದೆ ಇವನಿಗೆ. ಸೆಕೆಂಡ್ ಹಾಫ್‌ನಲ್ಲಿ ಎಲ್ಲಿದ್ಯೋ?"

"ಹಾಲಲ್ಲೇ ಇದ್ದೆ ಸರ್. ಹಿಂದಿನ ಬಾಗಿಲತ್ರ ನಿಂತು ನೋಡ್ತಿದ್ದೆ."

"ಯಾರು ನೋಡಿದ್ರು ನಿನ್ನ?"

"ಕತ್ಲಲ್ಲಿ ಯಾರು ಸರ್ ನನ್ನಂಥೋನ್ನ ನೋಡ್ತಾರೆ? ಬೇಕಾದ್ರೆ ಸಿನಿಮಾ ಕೇಳಿ, ಹೇಳ್ತೀನಿ."

ಪ್ರಶಾಂತ್ ಅದನ್ನು ಇಂಗ್ಲಿಷಿಗೆ ತಂದ. ಅಧಿಕಾರಿಣಿ ತಲೆಯಾಡಿಸಿದಳು. ಕೊನೆಯಲ್ಲಿ ಏನಾಯಿತು, ಹೇಳಲಿ.

ಅವನು ಕಾದಿದ್ದೇ ಇದಕ್ಕೆ. ಗಂಟಲು ಸರಿಮಾಡಿಕೊಂಡು ಶುರುಮಾಡಿದ. ಶತ್ರುವಿನ ಹಡಗುಗಳು ರೇವಿನ ದೀಪ ನೋಡಿಕೊಂಡು ಬರುತ್ತಿರುವುದು, ದೀಪ ಕಾಯುವ ತೇನ್‌ಮೊಳಿ ಅದನ್ನು ಬರಿಗೈಯಿಂದ ಆರಿಸುವುದು, ಹಡಗುಗಳು ಬಂಡೆಗೆ ಬಡಿಯುವುದು. ಅಷ್ಟರಲ್ಲಿ ಎಲ್ಲಿಂದಲೋ ಬಂದ ಬಾಣ. ರಾಜಕುಮಾರ ಓಡಿ ಬಂದು ಕತ್ತಲಲ್ಲಿ ಅವಳ ಮುಖ ತಡವಿ ತಡವಿ ಹುಡುಕುತ್ತಾನೆ. ದೀಪ ಹಚ್ಚಿ ಎಂದು ಕೂಗುತ್ತಾನೆ. ಹಚ್ಚಬೇಡಿ, ಇನ್ನೂ ಒಂದು ಹಡಗಿದೆ ಎಂದು ಹೇಳಿ ಅವಳು ಅವನ ತೊಡೆಯ ಮೇಲೆ ಪ್ರಾಣ ಬಿಡುತ್ತಾಳೆ. ಹೇಳುತ್ತ ಹೇಳುತ್ತ ಅವನ ಕಣ್ಣು ನಿಜಕ್ಕೂ ತುಂಬಿ ಬಂತು.  ಸರೋಜಾ ಕೂಡ ಕಾಫಿ ಬಿಟ್ಟು ಅವನನ್ನೇ ನೋಡುತ್ತಿದ್ದಳು. ಮಧ್ಯಾಹ್ನದಿಂದ ಮೊದಲ ಸಲ ಅವನ ಭಯ ಒಂದಿಷ್ಟು ಇಳಿಯಿತು. ಪ್ರಶಾಂತ್ ಮಾತ್ರ ಇಂಗ್ಲಿಷಿಗೆ ತರುವುದನ್ನು ನಡುವೆಯೇ ಎಲ್ಲೋ ನಿಲ್ಲಿಸಿಬಿಟ್ಟಿದ್ದ.

"ಲಿಂಗರಾಜು," ಎಂದರು ವಸಂತಾ ಆಂಟಿ, ಬಹಳ ಮೆಲ್ಲಗೆ. "ಅವಳು ಸಾಯಲ್ವಲ್ಲಪ್ಪಾ. ಸಿನಿಮಾದಲ್ಲಿ ಬದುಕಿಸಿಬಿಟ್ಟಿದ್ದಾರೆ. ಬಾಣ ಅವಳ ದೀಪದ ತಟ್ಟೆಗೆ ಬೀಳತ್ತೆ. ಆಮೇಲೆ ಮದುವೆ. ಖುಷಿಗೆ ನಾವೆಲ್ಲಾ ಅತ್ತುಬಿಟ್ವಿ. ಹಾಲಿಗೆ ಹಾಲೇ ಎದ್ದು ನಿಂತು ಚಪ್ಪಾಳೆ ತಟ್ತು. ನೀನೆಲ್ಲಿದ್ದೆ?" ತೇನ್‌ಮೊಳಿ ಸಾಯುವ ಅಧ್ಯಾಯ ಪತ್ರಿಕೆಯಲ್ಲಿ ಬಂದ ವಾರ ಹಲಸೂರಿನಲ್ಲಿ ಒಲೆ ಹಚ್ಚದ ಮನೆಗಳಿದ್ದವಂತೆ. ಸುಶೀಲಮ್ಮ ಆ ಪುಟ ಓದುವ ಮುಂಚೆ ಪ್ರತಿ ಸಲ ಕಾಲು ತೊಳೆದು ಬರುತ್ತಿದ್ದರು. ಸಿನಿಮಾದವರು ಬೇರೆ ಏನನ್ನು ಬದಲಿಸಿದರೂ ಆ ಸಾವನ್ನೇ ಬದಲಿಸಬಲ್ಲರು ಎಂಬುದು ಅವನ ಲೆಕ್ಕಕ್ಕೆ ಬಂದೇ ಇರಲಿಲ್ಲ. ಪ್ರಶಾಂತ್ ತಗ್ಗಿದ ದನಿಯಲ್ಲಿ ಅಧಿಕಾರಿಣಿಗೆ ಹೇಳತೊಡಗಿದ. ಅವಳು ಪೆನ್ನು ಕೆಳಗಿಟ್ಟಳು. "ಲಿಂಗ, ಎಲ್ಲಿದ್ಯೋ ಹೇಳೋ," ಎಂದ ಚಂದ್ರಮೋಹನ. ಆ ದನಿಯಲ್ಲಿ ಸಿಟ್ಟಿಗಿಂತ ಹೆಚ್ಚಾಗಿ ಹೆದರಿಕೆಯಿತ್ತು. ಲಿಂಗರಾಜು ಎದ್ದ. ಕೂತವರ ಮೊಣಕಾಲುಗಳ ನಡುವೆ ದಾರಿ ಮಾಡಿಕೊಂಡು ಬಾಗಿಲಿಗೆ ಬಂದು, ರಾಶಿ ಚಪ್ಪಲಿಗಳಲ್ಲಿ ತನ್ನದನ್ನು ಹುಡುಕಿ ಮೆಟ್ಟಿಕೊಂಡ. ಹಿಂದಿನಿಂದ ಯಾರೋ ಮತ್ತೆ ಅವನ ಹೆಸರು ಕರೆದರು. ಹೊರಗೆ ಅಧಿಕಾರಿಣಿಯ ಕಾರು ವ್ಯಾನಿಗೆ ಅಡ್ಡವಾಗಿ ನಿಂತಿತ್ತು. ಅವನು ಅದನ್ನು ಸುತ್ತುಹಾಕಿ, ಇನ್ನೂ ಬಿಸಿ ಆರದ ರಸ್ತೆಗಿಳಿದು ನಡೆದ.