ಚಪ್ಪಾಳೆ ಹೊಡೆದು ನೋಡು

"ಟಪ್!"

ತಾತನ ರೂಮಿನ ನಡುವೆ ನಿಂತು ಮೈಕ್ ಮಾಮ ಒಂದೇ ಒಂದು ಚಪ್ಪಾಳೆ ಹೊಡೆದರು. ನಾಲ್ಕು ಗೋಡೆಗಳೂ ಸೇರಿ ಅದನ್ನು 'ಟಣ್ಣ್' ಎಂದು ವಾಪಸು ಎಸೆದವು.

"ಕೇಳಿಸ್ತಾ? ಇದೇ ತೊಂದರೆ," ಎಂದರು ಮಾಮ.

ಮಾಮ ಪಕ್ಕದ ಮನೆಯವರು. ಸಭೆ ಸಮಾರಂಭಗಳಿಗೆ ಮೈಕ್ ಸೆಟ್ ಬಾಡಿಗೆಗೆ ಕೊಡುವುದು ಅವರ ಕೆಲಸ. ಆಗಷ್ಟೇ ತಾತನ ನಾಲ್ಕು ಮಾತು ರೆಕಾರ್ಡ್ ಮಾಡಿ ಕೇಳಿಸಿದ್ದರು. ತಾತ ಬಾವಿಯೊಳಗೆ ಕೂತು ಮಾತಾಡಿದ ಹಾಗಿತ್ತು.

ತಾತನ ಮೊಮ್ಮಗಳು ಗೋಡೆ ನೋಡಿದಳು. ಗೋಡೆ ತುಂಬ ಮೊಟ್ಟೆ ಟ್ರೇ! ಒಂದಲ್ಲ ಎರಡಲ್ಲ, ಎಂಬತ್ನಾಲ್ಕು. ಒಂದು ವಾರ ಅಂಗಡಿ ಅಂಗಡಿ ಅಲೆದು, ಬೇಕರಿಯವರ ಹತ್ತಿರ ಬೈಸಿಕೊಂಡು, ಬೆರಳಿಗೆಲ್ಲ ಗಮ್ ಮೆತ್ತಿಕೊಂಡು ಅಂಟಿಸಿದ್ದಳು.

"ವಿಡಿಯೋದಲ್ಲಿ ಹೀಗೇ ತೋರಿಸಿದ್ರು ಮಾಮ. ಮನೇಲೇ ಸ್ಟುಡಿಯೋ ಆಗುತ್ತೆ ಅಂದ್ರು!"

"ಮೊಟ್ಟೆ ಟ್ರೇ ಮೊಟ್ಟೆ ಇಡೋಕೆ ಸರಿ ಪುಟ್ಟಾ. ಈ ತೆಳು ರಟ್ಟು ಶಬ್ದಾನ ಎಲ್ಲಿ ಹೀರ್ಕೊಳ್ಳುತ್ತೆ? ದಪ್ಪಗೆ, ಮೆತ್ತಗೆ ಇರಬೇಕು. ಅದಿರಲಿ, ಇಲ್ಲಿದ್ದ ಹಾಸಿಗೆ, ಬಟ್ಟೆಬರೆ ಎಲ್ಲಾ ಎಲ್ಲಿ?"

"ಹೊರಗೆ ಹಾಕಿದೆ. ಸ್ಟುಡಿಯೋ ಅಂದ್ರೆ ನೀಟಾಗಿರಬೇಕಲ್ವಾ?"

"ಭೇಷ್! ಶಬ್ದ ಹೀರ್ಕೊಳ್ಳೋ ಸಾಮಾನನ್ನೆಲ್ಲ ಹಾಲಿಗೆ ಕಳಿಸಿ ರೂಮನ್ನ ಬೋಳು ಮಾಡಿದ್ದೀಯ. ಟಣ್ ಅನ್ನದೆ ಇನ್ನೇನನ್ನುತ್ತೆ?"

ಪಾಪ, ಅವಳ ಒಂದು ವಾರದ ಕೆಲಸ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು. ಬೇರೆ ಸಮಯವಾಗಿದ್ದರೆ ಹೋಗಲಿ ಬಿಡು ಎನ್ನಬಹುದಿತ್ತು. ಆದರೆ ಅವತ್ತು ಶನಿವಾರ. ಸೋಮವಾರ ತಾತನ ಗಂಟಲಿಗೆ ಆಪರೇಷನ್. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು, ಬೇರೆ ದಾರಿಯಿಲ್ಲ ಎಂದಿದ್ದರು ಡಾಕ್ಟರು. ಆಮೇಲೆ ತಾತನ ಧ್ವನಿ ಇರುವುದಿಲ್ಲ.

ಎಂಥ ಧ್ವನಿ ಅಂತೀರಿ ಅದು! ಬಸ್ ಸ್ಟ್ಯಾಂಡಿನ ಮೈಕಿನಲ್ಲಿ ಮೂವತ್ತು ವರ್ಷ ಬಸ್ಸು ಕೂಗಿದ ಧ್ವನಿ. ಮೊಮ್ಮಗಳ ಬಾಯಿಯೇನೂ ಕಡಿಮೆಯದಲ್ಲ. ಅವಳು ಗುಟ್ಟು ಹೇಳಿದರೂ ಮೂರನೇ ಮನೆಗೆ ಕೇಳಿಸುತ್ತದೆ. ಅದಕ್ಕೇ ತಾತ ಅವಳಿಗೆ ಡಂಗುರ ಎಂದು ಹೆಸರಿಟ್ಟಿದ್ದರು. ದಿನಾ ಬೆಳಿಗ್ಗೆ "ಡಂಗುರಾ..." ಎಂದು ರಾಗ ಎಳೆದು ಎಬ್ಬಿಸುತ್ತಿದ್ದರು. ಹಾಗೆ ಕರೆಯುತ್ತಿದ್ದವರು ತಾತ ಒಬ್ಬರೇ.

ಈಗ ಹತ್ತು ನಿಮಿಷ ಮಾತಾಡಿದರೆ ಸಾಕು, ಅವರ ಗಂಟಲು ಕಟ್ಟಿಬಿಡುತ್ತಿತ್ತು. ಅವತ್ತಿನ ಹತ್ತು ನಿಮಿಷ ಮುಗಿದೇಹೋಗಿತ್ತು. ಡಂಗುರಳಿಗೆ ಅಳು ತಡೆಯಲಾಗಲಿಲ್ಲ.

"ಅಳ್ತಾ ಕೂತ್ರೆ ಆಗುತ್ತಾ? ನಾಳೆ ಬೆಳಿಗ್ಗೆ ಇನ್ನೂ ಇದೆ. ಏಳು, ಸುತ್ತಿಗೆ ತಗೊಂಡು ಬಾ," ಎಂದರು ಮಾಮ.

ಹಣ್ಣಿನ ಅಂಗಡಿಯಿಂದ ಮರದ ಪೆಟ್ಟಿಗೆಗಳು ಬಂದವು. ಅಮ್ಮ ಅವುಗಳ ಪಟ್ಟಿ ಕಿತ್ತು, ಮೊಳೆ ಹೊಡೆದು ಚೌಕಟ್ಟು ಮಾಡಿದಳು. ಡಂಗುರ ಹಳೇ ಟವೆಲ್ಲು, ಸ್ವೆಟರ್, ಹರಿದ ಕಂಬಳಿ ಎಲ್ಲವನ್ನೂ ಮಡಚಿ ಮಡಚಿ ಒಳಗೆ ತುಂಬಿದಳು. ಮೇಲೆ ಬೆಡ್‌ಶೀಟ್ ಬಿಗಿದರೆ ಒಂದು ಪ್ಯಾನೆಲ್ ಆಯಿತು.

"ಗೋಡೆಗೆ ಪೂರ್ತಿ ಒತ್ತಬೇಡಿ. ಹಿಂದೆ ನಾಲ್ಕು ಬೆರಳು ಜಾಗ ಬಿಡಿ," ಎಂದು ಮಾಮ ಹೇಳುತ್ತಲೇ ಇದ್ದರು.

ಒಂದೊಂದು ಪ್ಯಾನೆಲ್ ತೂಗುಹಾಕಿದಾಗಲೂ ಡಂಗುರ ಚಪ್ಪಾಳೆ ಹೊಡೆದು ನೋಡುತ್ತಿದ್ದಳು. ಟಣ್ಣ್. ಟಣ್. ಟಂ. ಎಂಟು ಪ್ಯಾನೆಲ್ ಆಗುವಷ್ಟರಲ್ಲಿ ಮನೆಯಲ್ಲಿದ್ದ ಬಟ್ಟೆ ಮುಗಿಯಿತು. ಬಾಗಿಲ ಎದುರಿನ ಗೋಡೆಗೆ ಇನ್ನೂ ಒಂದು ಬೇಕಿತ್ತು.

ಹಾಲಿನಲ್ಲಿ ಮಲಗಿದ್ದ ತಾತ ಎದ್ದು ಟ್ರಂಕ್ ತೆಗೆದರು. ಬಸ್ ಸ್ಟ್ಯಾಂಡಿಗೆ ಹಾಕಿಕೊಂಡು ಹೋಗುತ್ತಿದ್ದ ದಪ್ಪ ಖಾಕಿ ಕೋಟನ್ನು ಅವಳ ಕೈಗಿಟ್ಟರು.

"ಬೇಡ ತಾತಾ, ಇದು ನಿಮ್ಮ ಡ್ಯೂಟಿ ಕೋಟು!"

ತಾತ ಕೈಯಾಡಿಸಿದರು. ಇನ್ನೆಲ್ಲಿಯ ಡ್ಯೂಟಿ ಎಂದಂತಿತ್ತು.

ಕೋಟು ಒಂಬತ್ತನೇ ಚೌಕಟ್ಟಿನೊಳಗೆ ಹೋಯಿತು. ತಾತನ ಹಾಸಿಗೆಯೂ ರೂಮಿಗೆ ವಾಪಸು ಬಂತು. ಡಂಗುರ ಚಪ್ಪಾಳೆ ಹೊಡೆದಳು. ಟಪ್. ಅಷ್ಟೇ. ಮೊದಲ ಸಲ ಗೋಡೆಗಳು ಸುಮ್ಮನಿದ್ದವು.

ಭಾನುವಾರ ಬೆಳಿಗ್ಗೆ ತಾತ ಮೈಕಿನ ಮುಂದೆ ಕೂತರು.

"ಕೆಂಪು ಲೈಟ್ ಹತ್ತಿದ ಮೇಲೆ ಒಂದು ಉಸಿರಿನ ಸದ್ದೂ ಬರಬಾರದು. ಮುಖ್ಯವಾಗಿ ನೀನು," ಎಂದರು ಮಾಮ ಡಂಗುರಳಿಗೆ. ಅವಳು ಹಾಸಿಗೆಯ ಮೂಲೆಯಲ್ಲಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಕೂತಳು.

"ಪ್ರಯಾಣಿಕರ ಗಮನಕ್ಕೆ! ಮೂರನೇ ಪ್ಲಾಟ್‌ಫಾರಂನಲ್ಲಿರುವ ಬಸ್ಸು ಇನ್ನು ಐದು ನಿಮಿಷದಲ್ಲಿ ಹೊರಡಲಿದೆ..." ತಾತನ ಧ್ವನಿ ಸ್ವಚ್ಛವಾಗಿ ಬಂತು. ಆಮೇಲೆ ಅಮ್ಮನಿಗೆ ಎರಡು ಮಾತು. ಆಮೇಲೆ ಅಜ್ಜಿ ಇದ್ದಾಗ ಹಾಡುತ್ತಿದ್ದ ಒಂದು ಹಳೇ ಹಾಡು. ನಡುವೆ ಗಂಟಲು ಕಟ್ಟಿತು. ನೀರು ಕುಡಿದು ಮತ್ತೆ ಶುರುಮಾಡಿದರು.

ಕೊನೆಗೆ ಮೊಮ್ಮಗಳ ಕಡೆ ತಿರುಗಿ, "ಇನ್ನೇನು ಹೇಳ್ಲಮ್ಮಾ?" ಎಂದರು. ಧ್ವನಿ ಆಗಲೇ ಒಡೆದಿತ್ತು.

ನನ್ನನ್ನ ಒಂದು ಸಲ ಕರೀರಿ ತಾತಾ! ಮಾತು ನಾಲಿಗೆಯ ತುದಿಗೇ ಬಂತು. ಆದರೆ ಕೆಂಪು ಲೈಟ್ ಉರಿಯುತ್ತಿತ್ತು. ಅವಳು ಬಾಯಿಂದ ಕೈ ತೆಗೆಯದೆ, ಏನೂ ಬೇಡ ಎಂದು ತಲೆಯಾಡಿಸಿದಳು.

ತಾತನಿಗೆ ಕೆಮ್ಮು ಬಂತು. ಮಾಮ ಲೈಟ್ ಆರಿಸಿದರು. ಅವತ್ತೆಲ್ಲ ತಾತನಿಗೆ ಮತ್ತೆ ಮಾತು ಹೊರಡಲಿಲ್ಲ.

ಮೂರು ವಾರದ ಮೇಲೆ ತಾತ ಕತ್ತಿಗೆ ಬಿಳಿ ಬಟ್ಟೆ ಕಟ್ಟಿಕೊಂಡು, ಕೈಯಲ್ಲೊಂದು ಸ್ಲೇಟು ಹಿಡಿದು ಮನೆಗೆ ಬಂದರು. ಡಂಗುರಳಿಗೆ ಅವರ ಮುಖ ನೋಡಲಾಗಲಿಲ್ಲ. ಅವಳು ಅಡುಗೆಮನೆಯ ಮೂಲೆಯಲ್ಲಿ ಅಮ್ಮನ ಫೋನ್ ಹಿಡಿದು ಕೂತು ರೆಕಾರ್ಡಿಂಗ್ ಕೇಳಿದಳು. ಮೊದಲಿಂದ ಕೊನೆಯವರೆಗೆ, ಮತ್ತೆ ಮೊದಲಿಂದ. ಬಸ್ಸು ಇತ್ತು, ಹಾಡು ಇತ್ತು, ಕೆಮ್ಮೂ ಇತ್ತು. 'ಡಂಗುರಾ' ಮಾತ್ರ ಎಲ್ಲೂ ಇರಲಿಲ್ಲ. ಜೀವಮಾನದಲ್ಲಿ ಒಂದೇ ಸಲ ಬಾಯಿ ಮುಚ್ಚಿಕೊಂಡಿದ್ದಳು, ಅದೂ ಅವತ್ತೇ! ಅವಳಿಗೆ ತನ್ನ ಮೇಲೇ ಸಿಟ್ಟು ಬಂತು.

ಆಗ ತಾತನ ರೂಮಿನಿಂದ ಸದ್ದು ಬಂತು.

ಟಪ್.

ಅವಳು ತಲೆಯೆತ್ತಿದಳು. ಅಡುಗೆಮನೆಯಲ್ಲಿ ಅಮ್ಮನೂ ಇದ್ದಳು. ಆದರೆ ಅಮ್ಮ ಕದಲಲಿಲ್ಲ.

ಟಪ್. ಟಪ್.

ಯಾರನ್ನು ಕರೆಯುತ್ತಿದ್ದಾರೆ ಎಂದು ಅವಳು ಕೇಳಲಿಲ್ಲ. ಫೋನನ್ನು ಅಲ್ಲೇ ಇಟ್ಟು ಎದ್ದಳು.

"ಬಂದೇ ತಾತಾ!"

ಮೂರನೇ ಮನೆಗೂ ಕೇಳಿಸಿರಬೇಕು.