ಕುರಿಮರಿ ಹೋದ ದಾರಿ

"ಈ ಚಿತ್ರ ನಿಂದಲ್ಲ, ರೋಹಿಣಿ."

ಜಾಸ್ಮಿನ ಮೇಡಂ ಹಾಗೆಂದದ್ದೇ ತಡ, ಲ್ಯಾಬಿನ ಕೀಬೋರ್ಡುಗಳೆಲ್ಲ ಗಪ್ಪಾದವು. ರೋಹಿಣಿಯ ಎದೆಯೊಂದು ಗಪ್ಪಾಗಲಿಲ್ಲ. ಬಾದಾಮಿ ಬಸ್ಸಿನ ಅವಸರದಲ್ಲಿ ಆಗಲೇ ಬ್ಯಾಗು ಹೆಗಲಿಗೇರಿಸಿ ಕುರ್ಚಿಯ ತುದಿಯಲ್ಲಿದ್ದಳು. ಹುಡುಗಿ ಯಾವತ್ತೂ ಹಾಗೇ, ಕೂತಲ್ಲಿ ಕೂರುವವಳಲ್ಲ.

ಬಾಗಲಕೋಟೆಯ ಆ ಕಾಲೇಜಿನಲ್ಲಿ ಅವಳ ಮೇಜರ್ ಗಣಿತ. ಹಿಂದಿನ ಬೆಂಚಿನಲ್ಲಿ ಕೂರುವ ಗುಡೂರಿನ ಮುತ್ತುರಾಜನದು ಕೆಮಿಸ್ಟ್ರಿ. ಇಬ್ಬರೂ ಒಂದೆಡೆ ಸೇರುತ್ತಿದ್ದುದು ಮೈನರ್ ಆಗಿ ತೆಗೆದುಕೊಂಡ ಸೈಂಟಿಫಿಕ್ ಕಂಪ್ಯೂಟಿಂಗಿನಲ್ಲಿ ಮಾತ್ರ. ವಾರವೆಲ್ಲ ಈ ಲ್ಯಾಬಿನ ದಾರಿ ಕಾಯುತ್ತಿದ್ದಳು. ಆದರೆ ಅವನೆದುರು ಪ್ರೋಗ್ರಾಮಿನ ಮಾತು ಬಿಟ್ಟು ಬೇರೆ ಮಾತು ಬಾಯಿಗೇ ಬರುತ್ತಿರಲಿಲ್ಲ.

ಈ ಸಲದ ಅಸೈನ್‌ಮೆಂಟು ಮಜವಾಗಿತ್ತು. ದಾರಿ ತಪ್ಪಿದ ಕುರಿಮರಿಯೊಂದು ಹೆಜ್ಜೆಹೆಜ್ಜೆಗೂ ಮನಸ್ಸು ಬಂದ ದಿಕ್ಕಿಗೆ ತಿರುಗಿದರೆ ಎಲ್ಲಿಗೆ ಹೋಗಿ ಮುಟ್ಟುತ್ತದೆ? ಕಂಪ್ಯೂಟರು ಅದರ ದಾರಿಯನ್ನು ಗೆರೆ ಎಳೆದು ತೋರಿಸಬೇಕು. ಮನೆಯಲ್ಲೇ ಕುರಿಹಿಂಡು ಇರುವ ಮುತ್ತುರಾಜ ಅಂದೇ ನಕ್ಕಿದ್ದ.

"ನಮ್ಮ ಕುರಿ ಹಿಂಗ ಹೋಗಂಗಿಲ್ರಿ ಮೇಡಂ. ಮುಂದಿನ ಕುರಿ ಹಿಂದ ಹೋಗ್ತಾವ್ರಿ."

ರೋಹಿಣಿ ಹಿಂದೆ ತಿರುಗಿದಾಗ ಅವನ ಕಣ್ಣು ತನ್ನ ಜಡೆಯಿಂದ ಫ್ಯಾನಿಗೆ ಹಾರಿದ್ದನ್ನು ಕಂಡಿದ್ದಳು.

ಕುರಿ ಯಾವ ದಾರಿ ಹಿಡಿಯುತ್ತದೆಂಬುದು ಪ್ರೋಗ್ರಾಮಿಗೆ ಮೊದಲು ಕೊಡುವ ಸಂಖ್ಯೆಯ ಮೇಲಿದೆ. ಅದಕ್ಕೆ ಸೀಡ್ ಅನ್ನುತ್ತಾರೆ. ಅದೇ ಸಂಖ್ಯೆ ಕೊಟ್ಟರೆ ಅದೇ ದಾರಿ. ಯಾರೂ ಕಾಪಿ ಹೊಡೆಯಬಾರದೆಂದು, ಅವರವರ ರೋಲ್ ನಂಬರನ್ನೇ ಹಾಕಿರೆಂದು ಮೇಡಂ ಹೇಳಿದ್ದರು.

"ಇದು ಮುತ್ತುರಾಜನ ನಂಬರಿನ ಕುರಿ," ಮೇಡಂ ಪರದೆಯ ಮೇಲಿನ ಸೀಡ್ ನಂಬರಿನತ್ತ ಬೊಟ್ಟು ಮಾಡಿದರು. "ಅವನ ಫೈಲ್ ಕಾಪಿ ಹೊಡದೀಯೋ, ಇಲ್ಲಾ ಅಂವನ ಮಾಡಿಕೊಟ್ಟಾನೋ?"

ರೋಹಿಣಿ ಬಾಯಿ ತೆರೆಯುವಷ್ಟರಲ್ಲಿ ಹಿಂದಿನ ಬೆಂಚಿನಿಂದ ಮುತ್ತುರಾಜ ಎದ್ದ.

"ನಾನ ಮಾಡಿಕೊಟ್ಟೇನ್ರಿ ಮೇಡಂ. ಆಕಿದೇನೂ ತಪ್ಪಿಲ್ರಿ."

ಶುದ್ಧ ಸುಳ್ಳು! ಅವನು ಅವಳ ಕೀಬೋರ್ಡನ್ನೂ ಮುಟ್ಟಿದವನಲ್ಲ.

"ಹಂಗಾದ್ರ ಇನ್ನ ಮ್ಯಾಲೆ ನೀ ಈ ಮೈನರಿಗೆ ಬರಬ್ಯಾಡ. ಬ್ಯಾರೆ ಸಬ್ಜೆಕ್ಟ್ ತಗೋ, ಹೋಗು."

ರೋಹಿಣಿಗೆ ಕೂತ ಕುರ್ಚಿಯೇ ಕಾದಂತಾಯಿತು. ಸುಮ್ಮನಿದ್ದರೆ ಇವನು ಹೋಗುತ್ತಾನೆ. ಬಾಯಿ ಬಿಟ್ಟರೆ ಇಷ್ಟು ದಿನ ಮುಚ್ಚಿಟ್ಟದ್ದು ಇಡೀ ಲ್ಯಾಬಿನ ಪಾಲಾಗುತ್ತದೆ. ಬ್ಯಾಗಿನ ಜಿಪ್ಪು ಎಳೆದಳು, ಮುಚ್ಚಿದಳು, ಮತ್ತೆ ಎಳೆದಳು. ಅವನು ಬಾಗಿಲ ತನಕ ಹೋದಾಗ ಅವಳಿಗೆ ತಡೆಯಲಾಗಲಿಲ್ಲ.

"ಸುಳ್ಳ ಹೇಳಾಕತ್ತಾನ್ರಿ! ಪ್ರೋಗ್ರಾಮ್ ನಾನ ಬರದೇನ್ರಿ. ಅವನ ನಂಬರ್ ಹಾಕಿದಾಕಿನೂ ನಾನ."

"ಯಾಕವಾ?"

"ನನ್ನ ಕುರಿ ಎತ್ತ ಹೋದ್ರೇನ್ರಿ... ಅವಂದು ಎತ್ತ ಹೋಗತೈತಿ ನೋಡಬೇಕನಿಸ್ತು."

ಯಾರೋ ಕಿಸಕ್ಕೆಂದರು. ನೆಲ ಬಾಯಿ ಬಿಟ್ಟಿದ್ದರೆ ರೋಹಿಣಿ ಬ್ಯಾಗಿನ ಸಮೇತ ಒಳಗಿಳಿಯುತ್ತಿದ್ದಳು.

ಮೇಡಂ ಇನ್ನೂ ನೋಡಿರದ ಮುತ್ತುರಾಜನ ಫೈಲು ತೆರೆದರು. ಓದಿದರು. ಕನ್ನಡಕ ಒರೆಸಿಕೊಂಡು ಮತ್ತೆ ಓದಿದರು.

"ಮುತ್ತುರಾಜ, ರೋಹಿಣಿ ನಂಬರ್ ನಿನ್ನ ಪ್ರೋಗ್ರಾಮಿನಾಗ ಏನ್ ಮಾಡಾಕತ್ತೈತೋ?"

ಬಾಗಿಲಲ್ಲಿ ನಿಂತವನು ಈ ಸಲ ಫ್ಯಾನಿನತ್ತ ನೋಡಲಿಲ್ಲ. ನೇರ ರೋಹಿಣಿಯನ್ನೇ ನೋಡಿದ.

"ಮೊದ್ಲ ಹೇಳಿದ್ನಲ್ರಿ ಮೇಡಂ, ಮುಂದಿನ ಕುರಿ ಹಿಂದ ಹೋಗ್ತಾವಂತ."

ಲ್ಯಾಬಿಗೆ ಲ್ಯಾಬೇ ನಕ್ಕಿತು. ಮೇಡಂ ಗದರಲು ಹೋದರೂ ನಗು ಬಂದೇಬಿಟ್ಟಿತು. "ಮುಂದಿನ ಲ್ಯಾಬಿಗೆ ಇಬ್ರೂ ಬರ್ರಿ, ನಿಮ್ಮ ನಿಮ್ಮ ನಂಬರ್ ಹಾಕ್ಕೊಂಡು. ಈಗ ನಡೀರಿ!"

ಇಬ್ಬರೂ ಬಸ್‌ಸ್ಟಾಪಿನ ತನಕ ಜೊತೆಯಾಗಿ ನಡೆದರು.

"ನಿನ್ನ ಕುರಿ ಭಾಳ ಅವಸರದ್ದು," ಅವನೆಂದ. "ಒಂದ ಕಡೆ ನಿಲ್ಲಂಗಿಲ್ಲ."

"ನಿಂದು ಹೊಂಟಲ್ಲೇ ಸುತ್ತತೈತಿ. ಎಲ್ಲೂ ಹೋಗಂಗಿಲ್ಲ."

"ಎಲ್ಲಿ ಹೋಗ್ಲಿ? ನೀ ಇಲ್ಲೇ ಇರ್ತೀ."

ಅವಳು ತುದಿಗಣ್ಣಿನಲ್ಲಿ ನೋಡಿದಳು. "ಖರೆ ಹೇಳು, ಯಾಕ ಹಾಕಿದಿ ನನ್ನ ನಂಬರ್?"

"ನೀ ಅಂದ್ರ ಜೀವ ನನಗ. ಅದಕ್ಕ."

ಅಷ್ಟರಲ್ಲಿ ಬಾದಾಮಿ ಬಸ್ಸು ಧೂಳೆಬ್ಬಿಸುತ್ತ ಬಂದು ನಿಂತಿತು. "ಓಡು, ಹೋಗಿಬಿಡತೈತಿ," ಎಂದ ಮುತ್ತುರಾಜ.

ರೋಹಿಣಿ ಬ್ಯಾಗು ಇಳಿಸಿ ಕಲ್ಲುಬೆಂಚಿನ ಮೇಲೆ ಆರಾಮಾಗಿ ಕೂತಳು.

"ಹೋಗ್ಲಿ ಬಿಡು. ಇನ್ನೊಂದ ಬರತೈತಿ."