ಸುಜಾತಾ ಆರಿಸಿದ ಜಾಗ

ಪ್ರತಿ ಬೇಸಿಗೆ ಸೂಟಿಗೆ ನಾವು ಮೂವರೂ ಉಗಾರ ಬುದ್ರುಕದ ಹತ್ತಿರ ಕೃಷ್ಣಾ ದಂಡೆಯಲ್ಲಿ ತಾಡಪತ್ರಿ ಕಟ್ಟಿಕೊಂಡು, ಎರಡು ದಿನ ಗಾಳ ಹಾಕುತ್ತ ಇರುತ್ತಿದ್ದೆವು. ಜಾಗ ಆರಿಸುವುದು ಮಗಳು ಸುಜಾತಾಳ ಕೆಲಸ. ಮರಳಿನ ಮೇಲೆ ಅಂಗಾತ ಮಲಗಿ, "ಅಪ್ಪಾ, ಇಲ್ಲೇ ಇರೂಣು" ಅಂದರೆ ಮುಗಿಯಿತು, ಅಲ್ಲೇ ನಮ್ಮ ಬಿಡಾರ. ೧೯೯೦ರಲ್ಲಿ ಅವಳು ಜ್ವರ ಬಂದು ತೀರಿಕೊಂಡಳು. ಆಗ ಆರು ವರ್ಷ.

ಆಮೇಲೆ ನಾಲ್ಕು ವರ್ಷ ಹೊಳೆಯ ಕಡೆ ತಲೆ ಹಾಕಲಿಲ್ಲ. ಕೊನೆಗೆ ಹೆಂಡತಿ ದ್ರೌಪದಿಯನ್ನು ಒತ್ತಾಯ ಮಾಡಿ ಯಡೂರಿನ ದಂಡೆಗೆ ಕರೆದೊಯ್ದೆ. ಸುಜಾತಾ ಅಲ್ಲಿಗೆ ಎಂದೂ ಬಂದವಳಲ್ಲ.

ನಸುಕಿನಲ್ಲಿ ಮರಳು ತಣ್ಣಗಿತ್ತು. ಯಾರ ಹೆಜ್ಜೆಯೂ ಇರಲಿಲ್ಲ. ಮೀನು ಏಳುತ್ತಿದ್ದ ಮಡುವಿನ ಪಕ್ಕ ತಾಡಪತ್ರಿ ಬಿಚ್ಚಲು ಬಗ್ಗಿದೆ. ಅಲ್ಲಿ ಮಗುವೊಂದು ಅಂಗಾತ ಮಲಗಿ ಎದ್ದು ಹೋದಂಥ ತಗ್ಗು. ಕೈಯಿಟ್ಟೆ. ಅಷ್ಟು ಮಾತ್ರ ಬೆಚ್ಚಗಿತ್ತು.

"ಬ್ಯಾರೆ ಕಡೆ ಹೋಗೂಣು, ನಡಿ," ಅಂದೆ.

ದ್ರೌಪದಿ ಕೇಳಲಿಲ್ಲ. ಮೊಣಕಾಲೂರಿ, ಲಂಗ ಹೊಲಿಸಲು ಮಗಳನ್ನು ಅಳೆಯುತ್ತಿದ್ದ ಹಾಗೆಯೇ, ಆ ತಗ್ಗಿನ ತಲೆಯಿಂದ ಹಿಮ್ಮಡಿಯವರೆಗೆ ಗೇಣು ಹಾಕಿದಳು.

"ಮಣ್ಣಿಗಿ ಕೊಟ್ಟಾಗ ಐದು ಗೇಣು ಇದ್ಲು," ಅಂದಳು. "ಈಗ ಆರು ಆಗ್ಯಾಳ್ರಿ."